ಕೊಳಕುಮಂಡಲ ಎಂದು ಹೆಸರಿಟ್ಟವರು

ಯಲಹಂಕದ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಗಿಡಕ್ಕೆ ನೀರು ಬಿಡುವ ಪೈಪು ಸುರುಳಿ ಸುತ್ತಿ ಬಿದ್ದಿದ್ದರೂ ಅದು ನಾಗರಹಾವೇ. ಬೇರೆ ಹೆಸರು ಯಾರಿಗೂ ತೋಚುವುದಿಲ್ಲ. ಹಳೇ ಬಾಗಿಲು, ಕಿಟಕಿ ಮಾರಿ ಮೇಲೆ ಬಂದ ನನಗೆ ಈ ನಾಮದಾರಿದ್ರ್ಯ ಸಹಿಸದು. ತೇಗಕ್ಕೂ ಹೊನ್ನೆಗೂ ವ್ಯತ್ಯಾಸ ತಿಳಿಯದವನು ನಮ್ಮ ಕಸುಬಿನಲ್ಲಿ ಒಂದು ವಾರ ಬಾಳುವುದಿಲ್ಲ.

ಸಂಸ್ಕೃತದಲ್ಲಿ ಹಾವಿಗೆ ಹೆಸರುಗಳ ಬರವೇನಿಲ್ಲ. ಹರಿದಾಡುವುದರಿಂದ ಸರ್ಪ, ಎದೆಯ ಮೇಲೆ ಚಲಿಸುವುದರಿಂದ ಉರಗ, ಡೊಂಕಾಗಿ ಹೋಗುವುದರಿಂದ ಭುಜಗ. ಈ ಮೂರೂ ಬರೀ ನಡಿಗೆಯ ವರ್ಣನೆ, ಗಿರಾಕಿಯ ಠೀವಿ ಹೇಳಿ ಜೇಬಿನ ಸಂಗತಿ ಬಿಟ್ಟಂತೆ. ನಮ್ಮ ಕೊಳಕುಮಂಡಲವನ್ನು ನೋಡಿ: ಮೈಮೇಲೆ ಸಾಲುಸಾಲು ಬಳೆ, ಅದು ಮಂಡಲ, ಕಚ್ಚಿದ ಜಾಗ ಕೊಳೆಯುತ್ತದೆ, ಆದ್ದರಿಂದ ಕೊಳಕು. ನನ್ನಮ್ಮ ಹೇಳುತ್ತಿದ್ದ ಅರ್ಥ ಇದು. ಮಂಡಲ ಸಂಸ್ಕೃತದ್ದೇ ಇರಬಹುದು, ಅದಕ್ಕೆ ಕೊಳಕನ್ನು ಜೋಡಿಸಿದ ಜಾಣತನ ಮಾತ್ರ ನಮ್ಮದು.

ಹೋದ ವರ್ಷ ಚಿಕ್ಕಬಾಣಾವರದ ನನ್ನ ಮಳಿಗೆಯ ಹಿತ್ತಲಲ್ಲಿ ಗಿರಾಕಿಯೊಬ್ಬನೊಡನೆ ಚೌಕಾಸಿಗೆ ನಿಂತಿದ್ದೆ. ಹಲಗೆಗಳ ಮೊಳೆ ಕೀಳುತ್ತಿದ್ದ ನಮ್ಮ ಕೆಲಸದ ಮುನಿರತ್ನಮ್ಮ ಕಾಲು ಹಿಡಿದು ಕೂತು, "ಅಣ್ಣ, ಹುಳ ಮುಟ್ತು" ಎಂದಳು. ಹಾವು ಕಚ್ಚಿತು ಎಂದು ನಮ್ಮ ಕಡೆ ಬಾಯಿಬಿಟ್ಟು ಹೇಳುವುದಿಲ್ಲ.

ಗಿರಾಕಿ ಹಲಗೆಯ ಸಂದಿಗೆ ಬಗ್ಗಿ ನೋಡಿದ. "ಹೆಬ್ಬಾವಿನ ಮರಿ ಕಣಮ್ಮ, ವಿಷ ಇರಲ್ಲ. ಸ್ವಲ್ಪ ಅರಿಶಿನ ಹಚ್ಕೊ."

"ಹೆಬ್ಬಾವಿಂದು ಮಚ್ಚೆ ಕಲಸ್ದಂಗಿರ್ತದೆ ಸಾಮಿ. ಇದ್ರದ್ದು ಬಳೆಬಳೆ ಐತೆ ನೋಡಿ. ಕೊಳಕ್ಮಂಡ್ಲ. ನಿಮ್ ಅರಿಶಿನ ಸಾರಿಗೆ ಮಡಿಕ್ಕಳಿ."

ಯಾವ ಬೆಲೆಯನ್ನೂ ಮೊದಲ ಮಾತಿಗೆ ಒಪ್ಪದ ನಾನು ಅವಳ ಮೊದಲ ಮಾತಿಗೇ ಒಪ್ಪಿಬಿಟ್ಟೆ. ನೀವೂ ನೆನಪಿಡಿ: ಬಿಗಿದು ಕಟ್ಟಬೇಡಿ, ಗಾಯ ಕುಯ್ಯಬೇಡಿ, ಕಾಲು ಅಲುಗಿಸದೆ ಮಲಗಿಸಿ, ವಿಷದ ಮದ್ದು ಇಟ್ಟಿರುವ ಆಸ್ಪತ್ರೆಗೇ ನೇರ ಹೋಗಿ. ಬಾಗಿಲು ಸಾಗಿಸುವ ವ್ಯಾನಿನಲ್ಲೇ ಅವಳನ್ನು ಮಲಗಿಸಿಕೊಂಡು ಹೋದೆ. ತಲುಪುವಷ್ಟರಲ್ಲಿ ಪಾದ ಊದಿ, ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಹಾವಿನ ಹೆಸರು ಹೇಳಿದೆ. ರಕ್ತ ಪರೀಕ್ಷಿಸಿದ ವೈದ್ಯರು ಕೂಡಲೇ ಮದ್ದು ಏರಿಸಿದರು. ಎರಡು ದಿನ ಅವಳು ಉಳಿಯುವ ಭರವಸೆಯನ್ನು ಯಾರೂ ಕೊಡಲಿಲ್ಲ.

ಒಂಬತ್ತನೆಯ ದಿನ ಮನೆಗೆ ಹೊರಟಾಗ ಮದ್ದು ಏರಿಸಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೇಳಿದರು, "ಅಷ್ಟು ಸರಿಯಾಗಿ ಹೆಂಗೆ ಗುರುತು ಹಿಡಿದ್ರಿ?"

"ಹೆಸ್ರಲ್ಲೇ ಬರ್ದೈತಲ್ಲವ್ವ" ಎಂದ ಮುನಿರತ್ನಮ್ಮ, ಬಿಡುಗಡೆಯ ಕಾಗದಕ್ಕೆ ಒತ್ತಲು ಎಡಗೈ ಹೆಬ್ಬೆರಳು ಚಾಚಿದಳು.