ಭಾವ ಅಗಲ ಮಾಡಿದ ಮಡ್‌ಗಾರ್ಡು

ನಮ್ಮ ಭಾವ ಟಿಂಕರ್. ಗುದ್ದಿಸಿಕೊಂಡು ಬಂದ ಕಾರನ್ನು ತಟ್ಟಿ ಮೊದಲಿನಂತೆ ಮಾಡುವುದು ಅವರ ಕೆಲಸ. ಮೂವತ್ತೊಂದು ವರ್ಷದಿಂದ ಅದೇ. ಕಣ್ಣು ಮುಚ್ಚಿ ಅಂಗೈ ಸವರಿದರೆ ಸಾಕು, ತಗಡು ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಗೊತ್ತಾಗುತ್ತದೆ. ಮಾತು ಕಡಿಮೆ, ಸುತ್ತಿಗೆಯ ಸದ್ದು ಜಾಸ್ತಿ. ಅವರು ತಟ್ಟಿದ್ದಕ್ಕೆ ಬಣ್ಣ ಹೊಡೆಯುವವನು ನಾನು. ಶೆಡ್ಡಿನ ಮುಂದಿನ ಕೋಣೆಯಲ್ಲಿ ಅವರ ಹೆಂಡತಿ, ಅಂದರೆ ನನ್ನಕ್ಕ, ಬಟ್ಟೆ ಹೊಲಿಯುತ್ತಾಳೆ.

ಅವರ ಒಬ್ಬಳೇ ಮಗಳು ಬಸ್ ಡ್ರೈವರ್. ಗುಡ್ಡದ ರೇಸಿನಲ್ಲಿ ಓಡಿಸಬೇಕೆಂದು ಹಳೇ ಕಾರು ಕೊಂಡು, ತಿರುವಿನಲ್ಲಿ ಜಾರದಿರಲಿ ಎಂದು ಹಿಂದಿನ ಚಕ್ರಕ್ಕೆ ಅಗಲದ ಟೈರು ಹಾಕಿಸಿದಳು. ಅವು ಮಡ್‌ಗಾರ್ಡಿನಿಂದ ಎರಡು ಬೆರಳು ಆಚೆ ಬಂದವು. ಹೋದ ವರ್ಷ ರೇಸಿನ ತಪಾಸಣೆಯವರು, ಟೈರು ಮಡ್‌ಗಾರ್ಡಿನ ಆಚೆ ಬರಬಾರದು ಎಂದು ಗೇಟಿನಿಂದಲೇ ವಾಪಸ್ ಕಳಿಸಿದರು. ಅವಳು ಮನೆಗೆ ಬಂದವಳೇ ಕಾರಿಗೆ ಟಾರ್ಪಾಲು ಹೊದಿಸಿಬಿಟ್ಟಳು.

ಈ ವರ್ಷ ಭಾನುವಾರ ರೇಸು. ಗುರುವಾರ ಭಾವ ಕಾರಿಗೆ ಜಾಕ್ ಕೊಟ್ಟು ಹಿಂದಿನ ಚಕ್ರ ಎರಡನ್ನೂ ಕಳಚಿದರು. ಮಡ್‌ಗಾರ್ಡನ್ನು ಕಾಯಿಸಿ, ಒಳಗಿನಿಂದ ಹೊಡೆದು ಹೊರಗೆ ಉಬ್ಬಿಸಿದರು. ಆಮೇಲೆ ಸುತ್ತಿಗೆಯ ಗುರುತು ಹೋಗಲಿ ಎಂದು ಕಣ್ಣು ಮುಚ್ಚಿ, ಸವರಿ ಸವರಿ ತಟ್ಟುತ್ತಾ ಕುಳಿತರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆ ಕನ್ನಡಿಯ ಹಾಗೆ ನುಣುಪಾಗಿತ್ತು.

ಮಗಳು ಚಕ್ರ ಹಾಕಿ ಕಾರು ಇಳಿಸಿದಳು. ಟೈರು ಎರಡು ಬೆರಳು ಆಚೆಗೇ ಇತ್ತು.

"ಅಪ್ಪಾ! ಇದು ಮೊದಲು ಹೆಂಗಿತ್ತೋ ಹಂಗೇ ಇದೆಯಲ್ಲ!"

ಭಾವ ಅಂಗೈ ಸವರಿ ನೋಡಿದರು. ಉಬ್ಬು ಕಂಡಲ್ಲೆಲ್ಲ ತಟ್ಟಿ ಸರಿ ಮಾಡುವ ಕೈ, ತಾನೇ ಎಬ್ಬಿಸಿದ್ದನ್ನು ತಾನೇ ಕೂರಿಸಿಬಿಟ್ಟಿತ್ತು.

"ಭಾವ, ಕಂಪನಿಯವರೂ ಇಷ್ಟು ಚೆನ್ನಾಗಿ ಮಾಡಿರ್ಲಿಲ್ಲ ಬಿಡಿ" ಅಂದೆ.

"ನೀನು ಬಾಯಿ ಮುಚ್ಚಯ್ಯ."

ನನ್ನ ನಗು ಕೇಳಿ ಅಕ್ಕ ಕತ್ತಿಗೆ ಟೇಪು ನೇತುಹಾಕಿಕೊಂಡೇ ಬಂದಳು. ಬಗ್ಗಿ ನೋಡಿ, "ಅಲ್ರೀ, ಹೊಟ್ಟೆ ಬಂದೋರ ಅಂಗೀನ ನಾನು ಜಗ್ಗಿ ಜಗ್ಗಿ ದೊಡ್ಡದು ಮಾಡ್ತೀನಾ? ಸೀಳಿ, ಮಧ್ಯೆ ತುಂಡು ಕೊಡ್ತೀನಿ" ಅಂದಳು.

"ಇದು ಬಟ್ಟೆ ಅಲ್ಲ ಕಣೇ, ತಗಡು."

"ಗೊತ್ತು. ಬಟ್ಟೆ ಆಗಿದ್ರೆ ನಿಮ್ಮ ಕೈಗೆ ಕೊಡ್ತಿದ್ನಾ?"

ಭಾವನಿಗೂ ನಗು ತಡೆಯಲಾಗಲಿಲ್ಲ.

ಅಕ್ಕ ನೆಲದ ಮೇಲೆ ಕೂತು, ಹಳೇ ಪೇಪರನ್ನು ಚಕ್ರದ ಮೇಲಿನ ಕಮಾನಿಗೆ ಹಿಡಿದು ಕತ್ತರಿಸಿದಳು. ನಡುವೆ ಮೂರು ಬೆರಳು ಅಗಲ, ಎರಡು ತುದಿಗೂ ಸಣ್ಣ. ಒಂದು ಬೆರಳು ಜಾಸ್ತಿ ಯಾಕೆ ಎಂದು ಭಾವ ಕೇಳಿದಾಗ, "ಹೊಲಿಗೆಗೆ ಬಿಡಬೇಡ್ವಾ?" ಅಂದಳು. ಭಾವ ಆ ಪೇಪರಿನ ಅಳತೆಗೆ ತಗಡು ಕತ್ತರಿಸಿದರು. ಆಮೇಲೆ ಮಡ್‌ಗಾರ್ಡನ್ನು ಕಮಾನಿನ ಉದ್ದಕ್ಕೂ ಸೀಳಿ, ಅಂಚನ್ನು ಹೊರಗೆ ಎಳೆದು, ಸಂದಿಯಲ್ಲಿ ತುಂಡು ಕೂರಿಸಿ ವೆಲ್ಡ್ ಮಾಡಿದರು. ಟೈರು ಕಣ್ಣೆದುರೇ ಇರಲಿ ಎಂದು ಈ ಸಲ ಚಕ್ರ ಬಿಚ್ಚಲಿಲ್ಲ. ಟೈರಿಗೆ ಕಿಡಿ ತಾಗದಂತೆ ಮಗಳು ಒದ್ದೆ ಗೋಣಿಚೀಲ ಹೊದಿಸಿ ಹಿಡಿದಿದ್ದಳು. ಭಾವ ಸವರಲು ಕೈ ಚಾಚಿದಾಗಲೆಲ್ಲ, "ಅಪ್ಪಾ, ಕಣ್ಣು ಬಿಡು!" ಎಂದು ಕೂಗುತ್ತಿದ್ದಳು. ಶನಿವಾರ ನಾನು ಹಳದಿ ಬಣ್ಣ ಹೊಡೆದೆ.

ಭಾನುವಾರ ಬೆಳಿಗ್ಗೆ ತಪಾಸಣೆಯವನು ಮಡ್‌ಗಾರ್ಡಿನ ಅಂಚಿನಿಂದ ನೆಲಕ್ಕೆ ದಾರ ಇಳಿಬಿಟ್ಟ. ಟೈರಿಗೂ ದಾರಕ್ಕೂ ನಡುವೆ ಸಂದು ಇತ್ತು. ಆದರೂ ಇನ್ನೊಂದು ಕಡೆಗೆ ಹೋಗಿ ಮತ್ತೆ ಇಳಿಬಿಟ್ಟ. ಭಾವ ನನ್ನ ತೋಳು ಹಿಡಿದಿದ್ದರು. ಆ ಹಿಡಿತದ ಗುರುತು ಮೂರು ದಿನ ಇತ್ತು.

"ಯಾರು ಮಾಡಿದ್ದು ಇದನ್ನ?" ಅಂತ ಅವನು ಕೇಳಿದ.

"ನಮ್ಮ ಟೈಲರು" ಅಂದರು ಭಾವ. ಅಕ್ಕ ನಾಚಿಕೊಂಡು ಅವರ ಬೆನ್ನಿಗೊಂದು ಗುದ್ದಿದಳು.

ಅವನು ನಂಬದೆ ಭಾವನ ಮುಖ ನೋಡಿದ. ನೋಡಿ, ಗಾಜಿನ ಮೇಲೆ ಪಾಸಾದ ಚೀಟಿ ಅಂಟಿಸಿದ.

ಹನ್ನೊಂದು ಕಾರು ಗುಡ್ಡ ಹತ್ತಿದವು. ವೇಗದಲ್ಲಿ ನಮ್ಮ ಹುಡುಗಿ ಏಳನೆಯವಳು. ಇಳಿದು ಬಂದವಳ ಮುಖದ ತುಂಬ ಧೂಳು, ಹಲ್ಲು ಮಾತ್ರ ಬೆಳ್ಳಗೆ.

"ಎಲ್ಲಾದ್ರೂ ಉಜ್ಜಿತೇನಮ್ಮಾ?" ಅಂದರು ಭಾವ.

"ಎಲ್ಲೂ ಇಲ್ಲ ಅಪ್ಪಾ! ನಾಲ್ಕನೇ ತಿರುವಲ್ಲಿ ಪೂರ್ತಿ ವಾಲಿತು, ಆದ್ರೂ ಉಜ್ಜಲಿಲ್ಲ!"

ಅಂದು ಸಿಕ್ಕ ಸಿಕ್ಕವರಿಗೆಲ್ಲ ಭಾವ ತಾವಾಗಿಯೇ ಹೇಳಿದರು: "ನನ್ನ ಮಗಳು ಏಳನೇದು." ಎಷ್ಟು ಕಾರಿನಲ್ಲಿ ಎಂದು ಕೇಳಿದವರಿಗೆ ಅದನ್ನೂ ಹೇಳಿದರು.