ಕಂಬಣ್ಣನ ನಾಲ್ಕು ತಂತಿಗಳು

ನಮ್ಮ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುವವನನ್ನು ನಾವೆಲ್ಲ ಕಂಬಣ್ಣ ಎಂದು ಕರೆಯುತ್ತಿದ್ದೆವು. ಅವನು ನಿಂತರೆ ನಿಂತ. ಕಾಲು ಕುಣಿಸುವುದಿಲ್ಲ, ತಲೆ ಆಡಿಸುವುದಿಲ್ಲ, ಕಣ್ಣು ಮಿಟುಕಿಸುವುದೂ ಹಾಡಿಗೊಂದೇ ಸಲ, ಅದೂ ಕೊನೆಯಲ್ಲಿ. ನಾವು ನುಡಿಸುತ್ತಿದ್ದ ಹೋಟೆಲಿನ ಊಟದ ಹಾಲಿಗೆ ಬಂದ ಗಿರಾಕಿಯೊಬ್ಬರು ಒಮ್ಮೆ ತಮ್ಮ ಒದ್ದೆ ಕೊಡೆಯನ್ನು ಅವನ ಮೊಣಕೈಗೆ ನೇತುಹಾಕಿ, ನಿಧಾನವಾಗಿ ಊಟ ಮುಗಿಸಿ, ವಾಪಸ್ಸು ತೆಗೆದುಕೊಂಡು ಹೋದರು. ನೇತುಹಾಕುವಾಗಲೂ ತೆಗೆಯುವಾಗಲೂ ಅವನ ತಾಳ ತಪ್ಪಲಿಲ್ಲ. ಪಕ್ಕದಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ನಾನೇ ಇದಕ್ಕೆ ಸಾಕ್ಷಿ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ವಾರದ ದಿನಗಳಲ್ಲಿ ಅವನದು ಫ್ರಿಜ್ ರಿಪೇರಿ. ಓಣಿಯ ತುದಿಯಲ್ಲಿ ಮೂರು ಹೆಜ್ಜೆ ಅಗಲದ ಅಂಗಡಿ. ಒಳಗೆ ಬಾಗಿಲು ಕಳಚಿದ ಎರಡು ಫ್ರಿಜ್, ಗೋಡೆಯ ಮೊಳೆಗೆ ತಾಮ್ರದ ಕೊಳವೆಯ ಸುರುಳಿಗಳು, ಮೂಲೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಹಾಕುವ ರಬ್ಬರ್ ಪಟ್ಟಿಗಳ ಗುಡ್ಡೆ. ಯಾರಾದರೂ ಫೋನ್ ಮಾಡಿದರೆ, ಫೋನನ್ನು ಫ್ರಿಜ್ಜಿನ ಬೆನ್ನಿಗೆ ಹಿಡಿಯಿರಿ ಎನ್ನುತ್ತಿದ್ದ. ಗುಂಯ್ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದ. ಒಂದು ಸಲ ಹಾಗೆ ಕೇಳಿ, "ಮೆಷಿನ್ ಸರಿಯಾಗಿದೆ ಅಮ್ಮಾ, ಒಳಗಿರೋ ಹಾಲು ಒಡೆದಿದೆ ನೋಡಿ" ಅಂದನಂತೆ. ಒಡೆದಿತ್ತಂತೆ.

ಅವನ ಗಿಟಾರಿನಲ್ಲಿದ್ದ ನಾಲ್ಕು ತಂತಿಗಳಿಗೆ ಹತ್ತೊಂಬತ್ತು ವರ್ಷ. ಮದುವೆಯಾದ ವರ್ಷ ಹಾಕಿದ್ದು. ಬೇಸ್ ತಂತಿ ಎಂದರೆ ಒಂದು ಉಕ್ಕಿನ ಎಳೆಯ ಮೇಲೆ ಇನ್ನೊಂದು ಎಳೆಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಸುತ್ತಿದ ಎಳೆ ದುಂಡಗಿದ್ದರೆ ಅದು ರೌಂಡ್. ಬೆರಳಿಗೆ ಅರದಂತೆ ಹತ್ತುತ್ತದೆ, ಗಂಟೆಯಂತೆ ಕಣಕಣ ಎನ್ನುತ್ತದೆ. ಚಪ್ಪಟೆಯಾಗಿದ್ದರೆ ಫ್ಲ್ಯಾಟ್, ನುಣ್ಣಗೆ ಜಾರುತ್ತದೆ, ಸದ್ದು ಮೆತ್ತಗೆ. ಕಂಬಣ್ಣನದು ಫ್ಲ್ಯಾಟ್. ಅದಕ್ಕೆ ಹತ್ತೊಂಬತ್ತು ವರ್ಷದ ಬೆವರು, ಎಣ್ಣೆ, ಫ್ರಿಜ್ಜಿನ ಗ್ರೀಸು ಕುಡಿಸಿದ ಮೇಲೆ ಅದು ಹೊರಡಿಸುತ್ತಿದ್ದ ಶಬ್ದ, ದಪ್ಪ ಕಂಬಳಿ ಹೊದ್ದ ದೊಡ್ಡ ಮನುಷ್ಯರೊಬ್ಬರು ಒಳಗಿನಿಂದ "ಹೂಂ" ಅಂದ ಹಾಗೆ. ಹಾಡುವವಳು ಆ ಹೂಂ ಮೇಲೆ ಕಾಲಿಟ್ಟು ನಡೆಯುತ್ತಿದ್ದಳು. ನಾವೆಲ್ಲ ನಡೆಯುತ್ತಿದ್ದೆವು. ಆದರೆ ಹೋಟೆಲಿನಲ್ಲಿ ಊಟ ಮಾಡುವ ಒಬ್ಬರಿಗಾದರೂ ಅದು ಕಿವಿಗೆ ಬಿದ್ದಿತ್ತೆಂದು ನಾನು ಹೇಳಲಾರೆ.

ಹೊಸ ಮ್ಯಾನೇಜರ್ ಬಂದದ್ದು ಒಂದು ಸೋಮವಾರ. ಅವರ ಪ್ಯಾಂಟಿನ ಇಸ್ತ್ರಿ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ನಮ್ಮ ಅಭ್ಯಾಸವನ್ನು ಎರಡು ಹಾಡು ಕೇಳಿ, ಬೆರಳೆತ್ತಿ ಕಂಬಣ್ಣನತ್ತ ತೋರಿಸಿದರು.

"ಆ ಮೂಲೆಯವರು ಏನು ಮಾಡ್ತಾರೆ? ನನಗೇನೂ ಕೇಳಿಸ್ಲಿಲ್ಲ."

"ಅದು ಕೇಳಿಸೋ ಥರದ್ದಲ್ಲ ಸಾರ್," ಅಂದಳು ಹಾಡುವವಳು. "ಸುಮ್ನೆ ಇರತ್ತೆ."

"ಸುಮ್ನೆ ಇರೋದಕ್ಕೆ ನಮ್ಮಲ್ಲಿ ಕುರ್ಚಿಗಳಿವೆ," ಅಂದರು ಮ್ಯಾನೇಜರ್. "ಭಾನುವಾರ ಮಧ್ಯಾಹ್ನ ನಾನೇ ಕೂತು ಕೇಳ್ತೀನಿ. ಕೇಳಿಸಿದ್ರೆ ನೀವು ಐದು ಜನ. ಇಲ್ದಿದ್ರೆ ನಾಲ್ಕು."

ಕಂಬಣ್ಣ ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಭಾನುವಾರ ನಾನು ಕೇಳಿಸ್ಬೇಕಂತೆ."

ಆಕೆ ಮನೆಯಲ್ಲೇ ಕೂತು ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹಾಕುವವರು. ದಿನಕ್ಕೆ ಇನ್ನೂರು. ಕತ್ತಲಲ್ಲಿ ಬಟ್ಟೆ ಮುಟ್ಟಿ ಅದರ ನೂಲು ಎಣಿಸಬಲ್ಲರು ಎಂದು ನಾನು ಹೇಳಿದರೆ ಸ್ವಲ್ಪ ಹೆಚ್ಚಾದೀತು. ಹತ್ತಿರ ಹತ್ತಿರ ಎಣಿಸುತ್ತಿದ್ದರು. ಗಂಡನ ಕೆಲಸಕ್ಕೆ ಕುತ್ತು ಬಂದಿದೆ ಎಂದು ನಾಲ್ಕು ದಿನ ಯೋಚಿಸಿದರು. ನಮ್ಮ ಗಿಟಾರಿನವನು ಯಾವಾಗಲೋ ಅವರ ಮನೆಯಲ್ಲಿ ಚಹಾ ಕುಡಿಯುತ್ತ, ಹಳೇ ತಂತಿಯನ್ನು ನೀರಲ್ಲಿ ಕುದಿಸಿದರೆ ಹೊಸದರ ಹಾಗೆ ಮಾತಾಡುತ್ತದೆ ಅಂದಿದ್ದ. ರೌಂಡ್ ತಂತಿಯ ಮಟ್ಟಿಗೆ ಅದು ನಿಜ. ಶುಕ್ರವಾರ ಬೆಳಿಗ್ಗೆ ಕಂಬಣ್ಣ ಗಿಟಾರಿನೊಳಗೆ ಸಡಿಲವಾಗಿದ್ದ ಒಂದು ವೈರನ್ನು ಬೆಸುಗೆ ಹಾಕಲು ತಂತಿಗಳನ್ನು ಬಿಚ್ಚಿ, ಸುರುಳಿ ಸುತ್ತಿ ಮೇಜಿನ ಮೇಲಿಟ್ಟು, ಗಿಟಾರನ್ನು ಮಾತ್ರ ಅಂಗಡಿಗೆ ಒಯ್ದಿದ್ದ.

ಸಂಜೆ ವಾಪಸ್ಸು ಬಂದಾಗ ಅಡುಗೆಮನೆಯ ಕಿಟಕಿ ಹಬೆ ಹಿಡಿದಿತ್ತು. ಮೇಜಿನ ಮೇಲೆ, ಟವೆಲ್ಲಿನ ಮೇಲೆ, ನಾಲ್ಕು ತಂತಿಗಳು ಹೊಸ ಚಮಚಗಳ ಹಾಗೆ ಹೊಳೆಯುತ್ತಿದ್ದವು.

"ಎಷ್ಟು ಕೊಳೆ ರೀ," ಅಂದರು ಹೆಂಡತಿ. "ಸೋಡಾ ಹಾಕಿ ಅರ್ಧ ಗಂಟೆ ಕುದಿಸಿದೆ. ನೀರು ಕಾಫಿ ಆಗೋಯ್ತು. ಮೂರು ಸಲ ಬದಲಾಯಿಸಿದೆ."

ಅವನು ಸ್ಟೂಲಿನ ಮೇಲೆ ಕೂತ. "ಆ ಕೊಳೆ ಹಿಡಿಸೋಕೆ ನನಗೆ ಹತ್ತೊಂಬತ್ತು ವರ್ಷ ಆಯ್ತು ಕಣೇ."

ತಂತಿಗಳನ್ನು ಗಿಟಾರಿಗೆ ಏರಿಸಿದ. ಮೀಟಿದರೆ ಕಂಬಳಿಯೂ ಇಲ್ಲ, ದೊಡ್ಡ ಮನುಷ್ಯರೂ ಇಲ್ಲ. ಸ್ನಾನ ಮಾಡಿ ಚಳಿಗೆ ನಡುಗುವ ಯಾರೋ ಸಣಕಲು ಆಸಾಮಿ. ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಇನ್ನಷ್ಟು ಬಿಗಿಯುವಾಗ ಅದು ಹಳೆಯ ಬಾಗಿನ ಜಾಗದಲ್ಲಿ ಟಪ್ ಎಂದು ತುಂಡಾಯಿತು.

ಶನಿವಾರ ಮೂವರು ತಂತಿ ಮಾರುವ ವಾದ್ಯದ ಅಂಗಡಿಗೆ ಹೋದೆವು: ಕಂಬಣ್ಣ, ಹೆಂಡತಿ, ಬೇಡವೆಂದರೂ ನಾನು. ಅಂಗಡಿ ನಡೆಸುವಾಕೆ ಅಪ್ಪನ ಕಾಲದಿಂದ ಅಲ್ಲೇ ಕೂತವರು. ಗಿರಾಕಿಯ ಮುಖ ನೋಡುತ್ತಿರಲಿಲ್ಲ, ಬೆರಳ ತುದಿ ನೋಡುತ್ತಿದ್ದರು.

"ಅಣ್ಣಾ, ನೀವು ಬದುಕಿದ್ದೀರಾ?" ಅಂದರು. "ತಂತಿಗೆ ಬರದೆ ಇದ್ದಿದ್ದು ನೋಡಿ ನಾನು ಎಂದೋ ಕೈ ಬಿಟ್ಟಿದ್ದೆ."

ನಾನು ನನ್ನ ಬುದ್ಧಿ ಹೇಳಿದೆ. "ರೌಂಡ್ ತಗೋ ಕಂಬಣ್ಣ. ನಾಳೆ ಕೇಳಿಸ್ಬೇಕು ತಾನೆ? ಹೋಟೆಲಿನ ತಾರಸಿ ಮೇಲೆ ಕೂತ ಪಾರಿವಾಳಕ್ಕೂ ಕೇಳಿಸತ್ತೆ."

ಅಂಗಡಿಯಾಕೆ ಗೋಡೆಯಲ್ಲಿದ್ದ ಒಂದೊಂದೇ ಗಿಟಾರನ್ನು ಇಳಿಸಿ ಕೊಟ್ಟರು, ಒಂದೊಂದರಲ್ಲಿ ಒಂದೊಂದು ಬಗೆಯ ತಂತಿ. ಆಗ ಹೆಂಡತಿ ಎದ್ದು ಬಾಗಿಲ ಕಡೆ ಹೊರಟರು.

"ಎಲ್ಲಿಗೆ ಅತ್ತಿಗೆ?" ಅಂದರು ಅಂಗಡಿಯಾಕೆ.

"ಗೋಡೆ ಆಚೆ. ನಾನು ಇವರನ್ನ ಎದುರಿಗೆ ಕೂತು ಕೇಳಿದೋಳೇ ಅಲ್ಲ. ಇವರು ಆ ರೂಮಲ್ಲಿ, ನಾನು ಅಡುಗೆಮನೆಯಲ್ಲಿ. ಗೋಡೆ ಇಲ್ದಿದ್ರೆ ನನಗೆ ಗೊತ್ತಾಗಲ್ಲ."

ಪಕ್ಕದ ಮೆಟ್ಟಿಲಿನ ಮೇಲೆ ಹೋಗಿ ಕೂತರು. ಕಂಬಣ್ಣ ರೌಂಡ್ ಮೀಟಿದ.

"ಯಾರೋ ತಟ್ಟೆ ತೊಳೀತಿದ್ದಾರೆ," ಎಂದು ಗೋಡೆಯಾಚೆಯಿಂದ ಬಂತು.

ಕಪ್ಪು ನೈಲಾನ್ ಹೊದಿಸಿದ ತಂತಿ ಮೀಟಿದ. ಗೋಡೆಯಾಚೆಯಿಂದ, "ಇದೇ ರೀ. ಇದೇ ನೀವು."

ಅವನು ಒಪ್ಪಲಿಲ್ಲ. "ಕಿವಿಗೆ ಸರಿ. ಕೈಗೆ ಹಲ್ಲಿ ಮುಟ್ಟಿದ ಹಾಗಿದೆ. ಒತ್ತಿದ್ರೆ ತಿರುಗಿ ಒತ್ತಲ್ಲ." ಆಮೇಲೆ ಹೊಸ ಫ್ಲ್ಯಾಟ್ ಹಿಡಿದ. ಎಡಗೈ ಮೇಲಿನಿಂದ ಕೆಳಗಿನವರೆಗೆ ಸದ್ದಿಲ್ಲದೆ ಜಾರಿತು. ಅವನ ಭುಜ ಎರಡು ಬೆರಳು ಇಳಿಯಿತು. ಹತ್ತೊಂಬತ್ತು ವರ್ಷದಲ್ಲಿ ಅವನ ದೇಹದ ಒಂದು ಭಾಗ ಅಲುಗಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಉಹೂಂ," ಅಂದಿತು ಗೋಡೆ. "ನಿಮ್ಮ ಸಂಬಂಧಿಕರು ಇರಬಹುದು. ನೀವಲ್ಲ."

"ಹೊಸ ಫ್ಲ್ಯಾಟ್ ಹಾಗೇ ಅಣ್ಣಾ," ಅಂದರು ಅಂಗಡಿಯಾಕೆ. "ಸ್ವಲ್ಪ ಕಿರುಚುತ್ತೆ. ಹಳೇದಾಗ್ಬೇಕು. ನಾನು ಹೊಸದು ಮಾರ್ತೀನಿ, ಹಳೇದನ್ನ ಎಲ್ಲಿಂದ ತರ್ಲಿ?"

ನಾನು ಇನ್ನೊಮ್ಮೆ ರೌಂಡ್ ಎಂದೆ. ಅವನು ನನ್ನತ್ತ ನೋಡದೆ ಹೇಳಿದ: "ನಾನು ಕೇಳಿಸಿದ್ರೆ ಹಾಡೋಳು ಕೇಳಿಸಲ್ಲ. ಮತ್ತೆ ನಾನ್ಯಾಕೆ ಅಲ್ಲಿ?"

ಹೊಸ ಫ್ಲ್ಯಾಟ್ ತಂತಿಗಳನ್ನೇ ಕೊಂಡು ತಂದ. ನಾಲ್ಕೇ ಜನರ ಬ್ಯಾಂಡು ಹೇಗಿರುತ್ತದೆ ಎಂದು ನಾನು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದೆ.

ಭಾನುವಾರ ಬೆಳಿಗ್ಗೆ ಅವನು ತನ್ನ ಅಂಗಡಿಯಿಂದ ಫ್ರಿಜ್ ಬಾಗಿಲಿನ ರಬ್ಬರ್ ಪಟ್ಟಿ ತಂದು, ನಾಲ್ಕು ಬೆರಳುದ್ದ ಕತ್ತರಿಸಿ, ಗಿಟಾರಿನ ಬುಡದಲ್ಲಿ ತಂತಿಗಳ ಅಡಿಗೆ ತುರುಕಿದ. ಕಂಪ್ರೆಸರ್ ಗಡಗಡ ಎಂದರೆ ಅದರ ಕೆಳಗೂ ಅವನು ಇದನ್ನೇ ಇಡುತ್ತಿದ್ದ. ತಂತಿಯ ಕಿರುಚಾಟ ರಬ್ಬರಿನಲ್ಲಿ ಇಂಗಿತು.

"ಈಗ?" ಎಂದು ಕೂಗಿದ.

"ಮುಕ್ಕಾಲು ಪಾಲು ನೀವೇ," ಎಂದು ಅಡುಗೆಮನೆಯಿಂದ ಉತ್ತರ ಬಂತು.

ಮಧ್ಯಾಹ್ನ ಹೋಟೆಲು ತುಂಬಿತ್ತು. ಮ್ಯಾನೇಜರ್ ನಮ್ಮೆದುರಿನ ಮೇಜಿಗೇ ಕೂತು ಸೂಪು ತರಿಸಿಕೊಂಡು, ಕಂಬಣ್ಣನನ್ನೇ ನೋಡುತ್ತ ಕುಡಿದರು. ಮೊದಲ ಹಾಡು ಮುಗಿಯಿತು. ಅವರ ಮುಖದಲ್ಲಿ ಏನೂ ಇಲ್ಲ. ಎರಡನೆಯದೂ ಮುಗಿಯಿತು. ಅವರು ಜೇಬಿನಿಂದ ಪೆನ್ನು ತೆಗೆದರು. ಇನ್ನು ಇವನ ಕತೆ ಮುಗಿಯಿತು ಎಂದುಕೊಂಡು ನಾನು ಮೂರನೆಯದಕ್ಕೆ ತಾಳ ಕೊಟ್ಟೆ.

ಆ ಹಾಡಿನ ನಡುವೆ ರಬ್ಬರ್ ಜಾರಿತು. ನೆಲಕ್ಕೆ ಬಿದ್ದು, ಪುಟಿದು, ನನ್ನ ಡ್ರಮ್ಮಿನ ಪೆಡಲಿನ ಕೆಳಗೆ ಸೇರಿತು. ತಂತಿ ಒಮ್ಮೆ ಕಿರುಚಿತು. ಕಂಬಣ್ಣ ಅಂಗೈಯಿಂದ ನಾಲ್ಕೂ ತಂತಿಗಳ ಬಾಯಿ ಮುಚ್ಚಿ, ನುಡಿಸುವುದನ್ನು ನಿಲ್ಲಿಸಿ, ಬಗ್ಗಿದ. ಫ್ರಿಜ್ ರಿಪೇರಿಯವರು ಬಗ್ಗಿದರೆ ಅವಸರದಲ್ಲಿ ಏಳುವುದಿಲ್ಲ.

ನಡುಹಗಲಲ್ಲಿ ಅಡುಗೆಮನೆಯ ಫ್ರಿಜ್ ಇದ್ದಕ್ಕಿದ್ದಂತೆ ಸುಮ್ಮನಾದರೆ ಆಗುತ್ತದಲ್ಲ, ಹಾಗಾಯಿತು. ಇಷ್ಟು ಹೊತ್ತು ಏನೋ ಇತ್ತು, ಈಗ ಇಲ್ಲ. ನಾವು ಉಳಿದ ನಾಲ್ವರು ನುಡಿಸುತ್ತಲೇ ಇದ್ದೆವು, ಆದರೆ ಕಾಲಡಿಯ ನೆಲವನ್ನು ಯಾರೋ ಎಳೆದುಕೊಂಡ ಹಾಗೆ. ಹಾಡುವವಳು ಒಂದು ಸಾಲು ನುಂಗಿದಳು. ಚಮಚಗಳು ತಟ್ಟೆಗೂ ಬಾಯಿಗೂ ನಡುವೆ ನಿಂತವು. ಮುದುಕರೊಬ್ಬರು ತಮ್ಮ ಕಿವಿಯ ಮೆಷಿನ್ ತೆಗೆದು ಕೊಡವಿದರು.

"ಕರೆಂಟ್ ಹೋಯ್ತಾ?" ಅಂದರು ಮ್ಯಾನೇಜರ್.

"ಇಲ್ಲ ಸಾರ್, ಲೈಟ್ ಉರೀತಿದೆ," ಅಂದ ವೇಟರ್.

"ಮತ್ತೆ ಏನು ನಿಂತೋಯ್ತು?"

ವೇಟರ್ ಟ್ರೇ ಹಿಡಿದ ಕೈಯಲ್ಲೇ ಮೂಲೆ ತೋರಿಸಿದ. ಅಲ್ಲಿ ಕಂಬಣ್ಣನ ಬೆನ್ನು ಮಾತ್ರ ಕಾಣುತ್ತಿತ್ತು. ಅವನು ರಬ್ಬರ್ ಹುಡುಕಿ, ಧೂಳು ಊದಿ, ಜಾಗಕ್ಕೆ ಒತ್ತಿ, ನಿಂತು, ತಾಳ ಬರುವವರೆಗೆ ಕಾದು, ಮತ್ತೆ ಹಾಡಿನೊಳಗೆ ಬಂದ. ಚಮಚಗಳು ಬಾಯಿ ಸೇರಿದವು. ಮ್ಯಾನೇಜರ್ ಪೆನ್ನನ್ನು ನೋಡಿ, ಜೇಬಿಗೆ ಸಿಕ್ಕಿಸಿಕೊಂಡರು.

ಊಟ ಮುಗಿದ ಮೇಲೆ ನಮ್ಮತ್ತ ಬಂದರು. "ನೀವು ಮಧ್ಯದಲ್ಲಿ ನಿಲ್ಲಿಸಿದ್ರಿ."

"ತಪ್ಪಾಯ್ತು ಸಾರ್," ಅಂದ ಕಂಬಣ್ಣ. "ರಬ್ಬರ್ ಬಿತ್ತು."

"ಇನ್ಮೇಲೆ ನಿಲ್ಲಿಸ್ಬೇಡಿ," ಎಂದು ಹೇಳಿ ಹೋದರು.

ಬೈದರೆಂದೇ ಅವನು ತಿಳಿದ. ವೈರು ಸುತ್ತುತ್ತಿದ್ದಾಗ ನಾನು ಅವನ ಮೊಣಕೈ ತಿವಿದೆ. "ಇನ್ಮೇಲೆ ಅಂದ್ರು ಮಾರಾಯಾ. ನಾಲ್ಕು ಜನ ಅನ್ಲಿಲ್ಲ." ಅವನು ಸುತ್ತುವುದನ್ನು ನಿಲ್ಲಿಸಿ, ಆ ಮಾತನ್ನು ಫ್ರಿಜ್ಜಿನ ಸದ್ದಿನಂತೆ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಮತ್ತೆ ಸುತ್ತತೊಡಗಿದ.

ಹಿಂಬಾಗಿಲಿನಿಂದ ಹೊರಬಂದರೆ ಹೋಟೆಲಿನ ಅಡುಗೆಮನೆಯ ಗೋಡೆಗೆ ಒರಗಿ, ಕಾಜಾ ಹಾಕಬೇಕಾದ ಅಂಗಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಅವನ ಹೆಂಡತಿ ಕೂತಿದ್ದರು. ಅವನು ಹೋಗಿ ಎದುರಿಗೆ ನಿಂತ.

"ಮೂರನೇ ಹಾಡಲ್ಲಿ ಎಲ್ಲಿಗೆ ಹೋಗಿದ್ರಿ?" ಅಂದರು. "ಸೂಜಿ ಬೆರಳಿಗೆ ಚುಚ್ಚಿಕೊಂಡೆ."

"ಇಲ್ಲೇ ಇದ್ದೆ. ಬಗ್ಗಿದ್ದೆ."

ಆಕೆ ಅಂಗಿ ಮಡಚಿ ಚೀಲಕ್ಕೆ ಹಾಕಿದರು. ಬಸ್ ಸ್ಟಾಪಿನವರೆಗೆ ಮೂವರೂ ನಡೆದೆವು. ಬಸ್ಸು ಬಂದಾಗ ಅವನು ಗಿಟಾರನ್ನು ಹೆಗಲಿನಿಂದ ಇಳಿಸಿ, ತಂತಿಗಳ ಮೇಲೆ ಹೆಬ್ಬೆರಳಾಡಿಸಿ, ಆ ಬೆರಳಿನ ಬೆವರನ್ನು ಕರವಸ್ತ್ರಕ್ಕೆ ಒರೆಸಹೊರಟವನು, ತಂತಿಗೇ ಇರಲಿ ಎಂದು ಒರೆಸದೆ ಕೈ ಕೆಳಗಿಳಿಸಿದ.