ಹಿತ್ತಲ ಗರಡಿ

ಸವಣೂರಿನ ಎಲೆಬಳ್ಳಿ ತೋಟದವರ ಮನೆಯಲ್ಲಿ ಹುಟ್ಟಿದ ನನಗೆ ಭಾರವೆಂದರೆ ಏನೆಂದು ಗೊತ್ತಿರಲಿಲ್ಲ. ಎಲೆ ಕೊಯ್ಯುವುದು, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು, ಇಷ್ಟೇ ನಾನು ಮಾಡಿದ ಕೆಲಸ. ಮದುವೆಯಾಗಿ ಮಾಸೂರಿಗೆ ಬಂದರೆ ಅಲ್ಲಿ ಮುಟ್ಟಿದ್ದೆಲ್ಲ ತೂಕದ್ದೇ. ಮದಗದ ಕೆರೆಯ ನೀರುಂಡು ಬೆಳೆದ ಭತ್ತದ ಚೀಲಗಳು, ಹಸಿ ಹುಲ್ಲಿನ ಹೊರೆಗಳು, ದಿನವೂ ತುಂಬಿ ತರಬೇಕಾದ ತಾಮ್ರದ ಕೊಡ. ಮೊದಲ ವರ್ಷ ಹೇಗೋ ನಿಭಾಯಿಸಿದೆ. ಎರಡನೆಯ ವರ್ಷ ನನ್ನ ಚೊಚ್ಚಲ ಕೂಸು ಉಸಿರಿಲ್ಲದೆ ಹುಟ್ಟಿತು.

ಬಾಣಂತನ ಮುಗಿದು ತಿಂಗಳುಗಳಾದರೂ ಮೈಗೆ ಕಸುವು ಮರಳಲಿಲ್ಲ. ಒಂದು ಮುಂಜಾನೆ ಕಾಲುವೆಯಲ್ಲಿ ಕೊಡ ತುಂಬಿ ಸೊಂಟಕ್ಕೇರಿಸುವಾಗ ಕಾಲು ನಡುಗಿದವು. ಕೊಡ ಕೈಜಾರಿ ಉರುಳುತ್ತ ಹೋಗಿ ನೀರಿಗೆ ಬಿತ್ತು, ನಾನು ಕೆಸರಿನಲ್ಲಿ ಕುಳಿತುಬಿಟ್ಟೆ. ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯಾಕೆ ನಕ್ಕಳು.

"ಸವಣೂರ ಎಲಿ ಐತಿ ಇದು. ಬಿಸಿಲಿಗೆ ಬಾಡದ ಏನ್ ಮಾಡ್ತೈತಿ?"

ಮನೆಗೆ ಬಂದು ಒಲೆಯ ಮುಂದೆ ಕುಳಿತು ಅಳತೊಡಗಿದೆ. ನನ್ನ ಅತ್ತೆಯವರು ರೊಟ್ಟಿ ಬಡಿಯುತ್ತಿದ್ದರು. ಮೆತ್ತಗಿನ ಮಾತು ಅವರಿಗೆ ಬರುತ್ತಿರಲಿಲ್ಲ, ಅವರೆಂದರೆ ನನಗೆ ಹೆದರಿಕೆಯೇ. ರೊಟ್ಟಿ ಬೇಯಿಸಿ ಮುಗಿಸಿ, ಕೈ ಕೊಡವಿ ಎದ್ದವರು, "ಅಳೂದು ಮುಗೀತು? ಬಾ ಹಿತ್ತಲಕ್ಕ" ಎಂದರು.

ಮಾವ ಮತ್ತು ನನ್ನ ಗಂಡ ಗದ್ದೆಗೆ ಹೋಗಿದ್ದರು. ಹಿತ್ತಲಲ್ಲಿ ಹುಲ್ಲಿನ ಬಣವೆಯ ಪಕ್ಕ ಒಂದು ದುಂಡು ಕಲ್ಲು ಬಿದ್ದಿತ್ತು. ಮದುವೆಯಾದಾಗಿನಿಂದ ನೋಡಿದ್ದೆ, ಕೆಲಸಕ್ಕೆ ಬಾರದ್ದು ಅಂದುಕೊಂಡಿದ್ದೆ. ಅತ್ತೆಯವರು ಸೆರಗು ಬಿಗಿದು, ಕಲ್ಲಿನ ಎರಡೂ ಪಕ್ಕ ಕಾಲೂರಿ ಕುಕ್ಕರುಗಾಲಲ್ಲಿ ಕುಳಿತರು. ಕಲ್ಲು ಮೇಲೆದ್ದಿತು, ಮೊದಲು ಮೊಣಕಾಲಿನ ಮಟ್ಟ, ಆಮೇಲೆ ಎದೆಯ ಮಟ್ಟ. ತಲೆ ಅರ್ಧ ನರೆತಿದ್ದ ಆ ಹೆಂಗಸು ಕಲ್ಲನ್ನು ಅಪ್ಪಿಕೊಂಡು ನೆಟ್ಟಗೆ ನಿಂತಿದ್ದರು. ನಾನು ಬಾಯಿಯ ಮೇಲೆ ಕೈಯಿಟ್ಟುಕೊಂಡೆ.

ಕಲ್ಲನ್ನು ಸಾವಕಾಶ ಇಳಿಸಿ, ಅದರ ಮೇಲೇ ಕುಳಿತು ಹೇಳಿದರು. ಅವರ ತವರು ಶಿಗ್ಗಾಂವ. ಅಪ್ಪ ಗರಡಿಮನೆಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುವವನು. ಗರಡಿಗೆ ಹೆಣ್ಣುಮಕ್ಕಳು ಕಾಲಿಡುವಂತಿಲ್ಲ. ಗಂಡು ಸಂತಾನವಿಲ್ಲದ ಅಪ್ಪ ಮನೆಯ ಹಿಂದೆಯೇ ಮಗಳಿಗೆ ಕಲ್ಲೆತ್ತಲು ಕಲಿಸಿದ್ದ. ಮದುವೆಯಾದ ಮೇಲೆ ಎಲ್ಲ ಬಿಟ್ಟಿತು.

"ಮತ್ತ ಯಾವಾಗ ಹಿಡದ್ರಿ ಅತ್ತೀ?"

"ಎರಡು ಕೂಸು ಮಣ್ಣಿಗೆ ಕೊಟ್ಟ ಮ್ಯಾಲ," ಎಂದರು. ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. "ನಿನ್ನ ಗಂಡ ಮೂರನೇದಾಂವ. ಆವಾಗ ನನಗೂ ನಿನ್ನಂಗ ಕಾಲಾಗ ಜೀವ ಇರಲಿಲ್ಲ. ಏಳು, ಸೆರಗು ಕಟ್ಟು."

ಮೊದಲು ಎತ್ತಿದ್ದು ಒರಳಿನ ರುಬ್ಬುಗುಂಡು. ಅದೂ ಮೊದಮೊದಲು ಏಳಲಿಲ್ಲ. "ಕೈಲೆ ಎತ್ತಬ್ಯಾಡ, ತೊಡಿಲೆ ಎತ್ತು. ಬೆನ್ನು ಬಾಗಸಬ್ಯಾಡ. ಕಲ್ಲನ್ನ ಮೈಗೆ ಹತ್ತಸ್ಕೋ, ದೂರ ಹಿಡದ್ರ ಅದು ನಿನ್ನ ಕೆಡವತೈತಿ" ಎಂದು ಗದರುತ್ತಿದ್ದರು. ತಪ್ಪಿದರೆ ಬೆನ್ನಿಗೊಂದು ಏಟೂ ಬೀಳುತ್ತಿತ್ತು. ಕೆಲಸ ಮುಗಿದ ಮೇಲೆ ಬಿಸಿ ರೊಟ್ಟಿಗೆ ಬೆಣ್ಣೆ ಮುದ್ದೆ ಹಾಕಿ, ಶೇಂಗಾ ಬೆಲ್ಲ ಕೊಟ್ಟು, ತಿನ್ನುವವರೆಗೆ ಎದುರಿಗೇ ಕೂರುತ್ತಿದ್ದರು.

"ಬೆಣ್ಣಿ ಎಲ್ಲಿ ಹೋಗಾಕತ್ತೈತಿ?" ಎಂದು ಮಾವ ಒಮ್ಮೆ ಕೇಳಿದರು.

"ಬೆಕ್ಕು ತಿಂತೈತ್ರಿ," ಎಂದರು ಅತ್ತೆ, ನನ್ನ ಕಡೆ ನೋಡದೆ.

ಬೇಸಿಗೆಯ ಹೊತ್ತಿಗೆ ಕೊಡ ನನಗೆ ಭಾರವೆನಿಸುತ್ತಿರಲಿಲ್ಲ. ರಾತ್ರಿ ನಿದ್ದೆ ಬರುತ್ತಿತ್ತು. ಕೂಸಿನ ನೆನಪು ಹೋಯಿತೆಂದಲ್ಲ. ನೆನಪು ಬಂದಾಗ ಕುಸಿದು ಕೂರುವುದು ತಪ್ಪಿತು.

ಆದರೆ ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಎಲ್ಲ ನೋಡಿಬಿಟ್ಟಿದ್ದಳು. ಕಟ್ಟೆಯ ಮೇಲೆ ಯಾರೋ ಮಾವನಿಗೆ, "ಮನ್ಯಾಗ ಸೊಸಿಗೆ ಗರಡಿ ತಗದೀರಂತ?" ಎಂದು ಕೇಳಿದರು. ಮಾವ ಕೆಂಡವಾಗಿ ಮನೆಗೆ ಬಂದು ಸೀದಾ ಹಿತ್ತಲಿಗೆ ನಡೆದರು.

"ಕಲ್ಲು ಎತ್ತಿದ್ರ ಬಸರು ನಿಂದರೂದಿಲ್ಲ ಅಂತ ಊರೆಲ್ಲ ಮಾತಾಡಾಕತ್ತಾರ. ನಿನಗ ಮೊಮ್ಮಕ್ಕಳು ಬ್ಯಾಡೇನು? ಇದನ್ನ ಇವತ್ತ ಕಾಲವಿಗೆ ಒಗಿತೇನಿ!"

ಹಾಗೆಂದು ಕಲ್ಲಿಗೆ ಬಾಗಿದವರು ಅಲ್ಲೇ ಸೊಂಟ ಹಿಡಿದುಕೊಂಡರು. ಉಸಿರು ಬಿಡಲಾಗದೆ ನಿಂತಿದ್ದ ಅವರನ್ನು ಅತ್ತೆ ತೋಳು ಹಿಡಿದು ಪಡಸಾಲೆಗೆ ಕರೆತಂದು ಮಲಗಿಸಿದರು. ನಾನು ಎಣ್ಣೆ ಬಿಸಿಮಾಡಿ ತಂದುಕೊಟ್ಟು ಬಾಗಿಲ ಮರೆಗೆ ನಿಂತೆ. ಬಸಿರಿನ ಮಾತು ನನ್ನನ್ನೂ ಹೆದರಿಸಿತ್ತು.

ಸೊಂಟ ತಿಕ್ಕುತ್ತ ಅತ್ತೆ ಹೇಳಿದರು: "ಎತ್ತದ ಇದ್ದಾಗ ನನ್ನವು ಎರಡು ಹೋದ್ವು. ಆಮ್ಯಾಲ ದಿನಾ ಎತ್ತಿದೆ. ನಿಮ್ಮ ಮಗ ಹುಟ್ಟಿದ. ಕಲ್ಲಿನಿಂದ ಹುಟ್ಟಿದ ಅಂತ ನಾ ಹೇಳೂದಿಲ್ರಿ. ಆದ್ರ ಅವತ್ತ ನಾ ಎದ್ದು ನಿಂತಿದ್ದು ಅದರಿಂದನ."

ಮಾವ ತಲೆ ಹೊರಳಿಸಿ ಅತ್ತೆಯ ಕಡೆ ನೋಡಿದರು.

"ನನಗ ಹೇಳಲೇ ಇಲ್ಲಲ್ಲ."

"ನೀವು ಕೇಳಲೇ ಇಲ್ಲಲ್ರಿ."

ಸೊಂಟ ಸರಿಹೋದ ಮೇಲೆ ಮಾವ ಹಿತ್ತಲಿಗೆ ಹೋಗಿ, ಬೇಲಿಯುದ್ದಕ್ಕೂ ಜೋಳದ ದಂಟು ಒತ್ತಾಗಿ ಕಟ್ಟಿ ಎತ್ತರಿಸಿದರು. ಯಾಕೆಂದು ಹೇಳಲಿಲ್ಲ. ನನ್ನ ಗಂಡನದು ಇನ್ನೂ ಕಡಿಮೆ ಮಾತು. ಒಂದು ಸಂಜೆ ಕೆರೆಯ ಏರಿಯ ಕಡೆಯಿಂದ ಚಕ್ಕಡಿ ಹೊಡೆದುಕೊಂಡು ಬಂದವರು, ಎತ್ತು ಬಿಚ್ಚುತ್ತ, "ಹಿತ್ತಲದಾಗ ಒಂದು ಕಲ್ಲು ಇಟ್ಟೇನಿ. ನಿನಗ ಹಿಡಿಯಾಕ ಬರ್ತೈತೇನು ನೋಡು" ಎಂದರು. ನುಣುಪಾದ, ಸರಿಯಾಗಿ ದುಂಡಗಿದ್ದ ಕಲ್ಲು. ಇಂಥದ್ದಕ್ಕೆ ಎಷ್ಟು ಹುಡುಕಿರಬೇಕೆಂದು ಮುಟ್ಟಿದಾಗಲೇ ತಿಳಿಯಿತು.

ಶ್ರಾವಣದಲ್ಲಿ ನಾಗರಪಂಚಮಿ ಬಂತು. ಹೆಂಗಸರಿಗೆ ಹುಣಸೆಮರದ ಜೋಕಾಲಿ, ಗಂಡಸರಿಗೆ ಊರ ಬಾಗಿಲು ಅಗಸಿಯ ಹತ್ತಿರ ಪಂಥ ಕಟ್ಟಿ ಎತ್ತುವ ಸಂಗ್ರಾಣಿ ಕಲ್ಲು. ಮಧ್ಯಾಹ್ನ ಗಂಡಸರು ಊಟಕ್ಕೆ ಹೋದರು. ಕಲ್ಲು ಒಂದೇ ಅಲ್ಲಿತ್ತು. ಅದನ್ನು ನೋಡಿದರೆ ನನಗೆ ಆಸೆಯಾಯಿತು. ಅಷ್ಟು ಹೊತ್ತಿಗೆ ನಾನು ಎತ್ತುತ್ತಿದ್ದುದು ದುಃಖಕ್ಕಲ್ಲ, ಎತ್ತುವ ಸುಖಕ್ಕೆ. ಜೋಕಾಲಿ ಬಿಟ್ಟು ಹೋಗಿ ಅದರ ಮುಂದೆ ಕುಳಿತೆ.

ನೆಲ ಬಿಟ್ಟಿತು. ಮೊಣಕಾಲಿಗೆ ಬಂತು. ಅಲ್ಲಿಂದ ಮುಂದೆ ಬರಲಿಲ್ಲ. ಕೆಳಗೆ ಹಾಕಿ, ಏದುಸಿರು ಬಿಡುತ್ತ ತಿರುಗಿದರೆ ಹೆಂಗಸರೆಲ್ಲ ಸುತ್ತ ನಿಂತಿದ್ದಾರೆ. ಪಕ್ಕದ ಮನೆಯಾಕೆ ಎಲ್ಲರಿಗಿಂತ ಮುಂದೆ. ನಗುತ್ತಾಳೆ ಅಂದುಕೊಂಡೆ.

"ಒಂದೀಟು ಸರಿ ಯವ್ವಾ," ಎಂದಳು. "ನಾನೂ ನೋಡ್ತೇನಿ."

ಆಕೆಗೆ ಅದು ಅಲುಗಲೂ ಇಲ್ಲ. ಇನ್ನೊಬ್ಬಳು ಬಂದಳು, ಮತ್ತೊಬ್ಬಳು. ನಕ್ಕು ನಕ್ಕು ಕೆಲವರು ನೆಲಕ್ಕೇ ಕುಳಿತರು. ಊಟ ಮುಗಿಸಿ ಬಂದ ಗಂಡಸರು, "ಕಲ್ಲು ಜಾಗ ಬಿಟ್ಟೈತಿ. ಯಾರು ಮುಟ್ಟಿದ್ರು?" ಎಂದು ಕೂಗಿದರು. ಹೆಂಗಸರೆಲ್ಲ ಅಷ್ಟರಲ್ಲಿ ಜೋಕಾಲಿಯ ಹತ್ತಿರ ಓಡಿಹೋಗಿದ್ದರು.

"ನಾವ ಮುಟ್ಟೇವಿ," ಎಂದರು ಅತ್ತೆ. "ಇನ್ನೂ ಎತ್ತಿಲ್ಲ."

ನಾನು ಆ ಕಲ್ಲನ್ನು ಎದೆಗೆ ತಂದದ್ದು ಮರುವರ್ಷ. ಹೆಗಲಿಗೆ ಎಂದೂ ಏರಿಸಲಾಗಲಿಲ್ಲ. ಅದರ ಮುಂದಿನ ವರ್ಷ ನನಗೆ ಮಗಳು ಹುಟ್ಟಿದಳು, ಊರಿನವರ ಬಾಯಿ ತಾನಾಗಿಯೇ ಮುಚ್ಚಿತು. ಸುಗ್ಗಿ ಮುಗಿದರೆ ಓಣಿಯ ನಾಲ್ಕಾರು ಹೆಂಗಸರು ನಮ್ಮ ಹಿತ್ತಲಿಗೆ ಬರುತ್ತಿದ್ದರು. ಹೆಚ್ಚಿನವರು ಬರುತ್ತಿದ್ದುದು ಶೇಂಗಾ ತಿಂದು ಹರಟೆ ಹೊಡೆಯಲು. ಅತ್ತೆ ಬಿಡುತ್ತಿರಲಿಲ್ಲ.

"ಮಾತು ಆಮ್ಯಾಲ. ಮೊದ್ಲ ಸೆರಗು ಕಟ್ರಿ."